ಕೆಂಪು ದೀಪ ಇಲ್ಲದ್ದು

ಕ್ಯಾಮೆರಾ ಹಿಡಿದುಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುವ ಗಂಡನ ಬಗ್ಗೆ ಹೆಂಡತಿಯಾದವಳು ಏನು ತಿಳಿದುಕೊಳ್ಳಬೇಕು ಎಂಬ ಯೋಚನೆ ಅವನಿಗೆ ಬಂದದ್ದು ಚಿಲಕ ಹಾಕಿಯಾದ ಮೇಲೆ. ಏನಾದರೂ ತಿಳಿದುಕೊಳ್ಳಲಿ ಎಂದು ದೀಪ ಆರಿಸಿದ. ಗಾಳಿಕಿಂಡಿಗೆ ಟವೆಲು ತುರುಕಿದ. ಎದುರಿನ ಬಿಳಿ ಟೈಲ್ಸಿನ ಕಡೆ ಕ್ಯಾಮೆರಾ ತಿರುಗಿಸಿ ಗುಂಡಿಯನ್ನು ಅರ್ಧ ಒತ್ತಿದ. ಅರ್ಧ ಒತ್ತಿದಾಗ ಕ್ಯಾಮೆರಾದ ನೆತ್ತಿಯ ಮೇಲೆ ಕೂತ ಫ್ಲ್ಯಾಶು ಮುಂದಿನ ಗೋಡೆಯ ಮೇಲೆ ಕೆಂಪು ಗೆರೆಗಳನ್ನು ಚೆಲ್ಲಬೇಕು; ಕತ್ತಲಲ್ಲಿ ಕ್ಯಾಮೆರಾಕ್ಕೆ ಗುರಿ ಸಿಗಲೆಂದೇ ಅದಕ್ಕೊಂದು ಕೆಂಪು ದೀಪ ಇಟ್ಟಿರುತ್ತಾರೆ. ಇಷ್ಟು ವರ್ಷ ಫೋಟೋಗ್ರಾಫರನಾಗಿ ಎಷ್ಟೋ ಸಭಾಂಗಣಗಳಲ್ಲಿ, ದೀಪ ತಗ್ಗಿಸಿದ ವೇದಿಕೆಗಳ ಕೆಳಗೆ, ಆ ಗೆರೆಗಳು ಯಾರದೋ ಎದೆಯ ಮೇಲೆ, ಯಾರದೋ ಗಲ್ಲದ ಮೇಲೆ ಬಿದ್ದದ್ದನ್ನು ಕಂಡ ಮೇಲೆಯೇ ಅವನು ಉಸಿರು ಬಿಗಿಹಿಡಿದು ಗುಂಡಿಯನ್ನು ಪೂರ್ತಿ ಒತ್ತುತ್ತಿದ್ದುದು. ಈಗ ಟೈಲ್ಸಿನ ಮೇಲೆ ಏನೂ ಇರಲಿಲ್ಲ. ಬರೀ ಕತ್ತಲು. ಆದರೆ ಕ್ಯಾಮೆರಾ ಪೀಪ್ ಎಂದು ಗುರಿ ಸಿಕ್ಕಿತೆಂದು ಹೇಳಿತು. ಏನೂ ಕಾಣದ ಕತ್ತಲಲ್ಲಿ ಅದಕ್ಕೆ ಹೇಗೆ ಗುರಿ ಸಿಕ್ಕಿತು ಎಂಬ ಪ್ರಶ್ನೆ ಮನಸ್ಸಿನ ಬಾಗಿಲಿಗೆ ಬಂದು ನಿಂತಿತು. ಅವನು ಅದನ್ನು ಒಳಗೆ ಕರೆಯಲಿಲ್ಲ. “ಫ್ಲ್ಯಾಶ್ ಕೈಕೊಟ್ಟಿದೆ,” ಎಂದು ಗಟ್ಟಿಯಾಗಿಯೇ ಅಂದುಕೊಂಡ. ಹಾಗೆ ಅಂದುಕೊಂಡರೆ ಕೊಂಚ ಸಮಾಧಾನವಾಗುತ್ತಿತ್ತು. ಕೈಕೊಟ್ಟದ್ದು ಫ್ಲ್ಯಾಶ್ ಆದರೆ ಇನ್ನೊಂದು ತಂದರಾಯಿತು.

ಹೊರಗೆ ಪಾತ್ರೆಯ ಸದ್ದು ನಿಂತಿತ್ತು. ಬಾಗಿಲು ತೆಗೆದರೆ ಹೆಂಡತಿ ಅಲ್ಲೇ ನಿಂತಿದ್ದಳು, ಎಲ್ಲೋ ಹೊರಡುವವಳ ಹಾಗೆ ಸ್ವೆಟರು ತೊಟ್ಟು. ಒಳಗೆ ಏನು ಮಾಡುತ್ತಿದ್ದಿರಿ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಅವನ ಬಳಿ ಉತ್ತರವಿತ್ತು, ರಾತ್ರಿಯೇ ಹೊಂದಿಸಿಟ್ಟುಕೊಂಡಿದ್ದ. ಅವಳು ಕೈ ಎರಡೂ ಚಾಚಿ, ಹೇಗಿದೆ ಅಂದಳು. ಮದುವೆಯಾಗಿ ಇಷ್ಟು ಕಾಲವಾದ ಮೇಲೆ ಅವಳು ಹಾಗೆಲ್ಲ ಕೇಳುವವಳಲ್ಲ; ಅವನೂ ಹೇಳುವವನಲ್ಲ. ಆದರೂ ಬಚ್ಚಲಿನಿಂದ ಕ್ಯಾಮೆರಾ ಸಮೇತ ಹೊರಬಂದ ಗಂಡಸು ಒಂದು ಒಳ್ಳೆಯ ಮಾತು ಆಡಲೇಬೇಕಾಗುತ್ತದೆ. ಚೆನ್ನಾಗಿದೆ, ಈ ಕಂದು ಬಣ್ಣ ನಿನಗೆ ಒಪ್ಪುತ್ತೆ, ಯಾವಾಗ ತಗೊಂಡೆ ಎಂದ. ಅವಳು ಕೈ ಇಳಿಸಿದಳು. ಹಳೆಯದೇ, ಪೆಟ್ಟಿಗೆಯಲ್ಲಿತ್ತು ಎಂದು ಹೇಳಿ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ, ಅಂಗಡಿಗೆ ನಾನೂ ಬರ್ತೀನಿ ಅಂದಳು. ಅವಳು ಯಾಕೆ? ಫ್ಲ್ಯಾಶಿಗೂ ಅವಳಿಗೂ ಏನು ಸಂಬಂಧ? ಬೇಡ ಎನ್ನಲು ಬಾಯಿ ತೆರೆದ, ಕಾರಣ ಸಿಗಲಿಲ್ಲ. ಸಂಜೆ ಬ್ಯಾಂಕಿನ ಮ್ಯಾನೇಜರರ ನಿವೃತ್ತಿಯ ಬೀಳ್ಕೊಡುಗೆ ಇತ್ತು, ನೆಲಮಾಳಿಗೆಯ ಸಭಾಂಗಣದಲ್ಲಿ, ಕಿಟಕಿಯಿಲ್ಲದ ಕಡೆ. ಅಷ್ಟರೊಳಗೆ ಹೊಸ ಫ್ಲ್ಯಾಶು ಬೇಕೇ ಬೇಕು.

ಯಾವ ಫ್ಲ್ಯಾಶು ಎಂಬುದರ ಮೇಲೆ ಅವನು ಸುಮಾರು ದಿನಗಳಿಂದ ತಲೆ ಕೆಡಿಸಿಕೊಂಡಿದ್ದ. ಕ್ಯಾಮೆರಾ ಕಂಪನಿಯವರದೇ ತಂದರೆ ಅದರ ಬೆಲೆಗೆ ಕ್ಯಾಮೆರಾವೇ ನಾಚಿಕೊಳ್ಳಬೇಕು. ಬೇರೆ ಕಂಪನಿಯ ಅಗ್ಗದ್ದು ತಂದರೆ ಯಾವಾಗ ಕೆಡುತ್ತದೋ ಗೊತ್ತಿಲ್ಲ. ಕೊಂಡವರು ಬರೆದದ್ದನ್ನೆಲ್ಲ ಅವನು ಫೋನಿನಲ್ಲಿ ಓದಿದ್ದ, ಒಬ್ಬ ಹೊಗಳಿದರೆ ಇನ್ನೊಬ್ಬ ಹಿಡಿಶಾಪ ಹಾಕಿದ್ದ. ನಡುವಿನ ಬೆಲೆಯದೊಂದರ ಬಗ್ಗೆ ಯಾರೋ ಗೊಣಗಿದ್ದರು: ಇದರ ಕೆಂಪು ದೀಪ ಬಹಳ ಜೋರು, ಅತಿಥಿಗಳು ಕಣ್ಣು ಮುಚ್ಚಿಕೊಳ್ಳುತ್ತಾರೆ, ಮಕ್ಕಳು ಹೆದರುತ್ತವೆ. ಆ ಗೊಣಗಾಟವನ್ನು ಅವನು ಮತ್ತೆ ಮತ್ತೆ ಓದಿದ. ಮಕ್ಕಳು ಹೆದರುವಷ್ಟು ಜೋರಾದ ಕೆಂಪು. ಅದು ತನಗೆ ಕಂಡೇ ಕಾಣುತ್ತದೆ. ಇಂಥ ಆಸೆಯನ್ನು ಯಾರ ಮುಂದೆ ಹೇಳಿಕೊಳ್ಳುವುದು? ಹೆಂಡತಿಯ ಹತ್ತಿರ ಹೇಳಿದ್ದು ಇಷ್ಟೇ: ಹಳೆಯ ಫ್ಲ್ಯಾಶಿನೊಳಗಿನ ಬೆಳಕಿನ ಕೊಳವೆ ಮುದಿಯಾಗಿದೆ, ಬೆಳಕು ತಣ್ಣಗಾಗಿದೆ, ಫೋಟೋದಲ್ಲಿ ಕೆಂಪು ಬರುತ್ತಿಲ್ಲ, ಗುರಿ ದೀಪವೂ ಹೋಗಿದೆ. ಅವಳು ಹೂಂ ಅಂದಿದ್ದಳು. ಅವಳ ಹೂಂಗೆ ಅರ್ಥ ಹುಡುಕುವುದನ್ನು ಅವನು ಎಂದೋ ಬಿಟ್ಟಿದ್ದ. ಈಚೆಗೆ ಮತ್ತೆ ಹುಡುಕಲು ಶುರು ಮಾಡಿದ್ದ.

ಕೊಳವೆ ಮುದಿಯಾದ ಸಂಗತಿ ಅವನಿಗೆ ಹೊಳೆದದ್ದು ಒಂದು ಮದುವೆಯ ಆಲ್ಬಮ್ಮಿನ ಕಾಲಕ್ಕೆ. ಕಂಪ್ಯೂಟರಿನ ಮುಂದೆ ಕೂತು ಫೋಟೋಗಳ ಬಣ್ಣ ಸರಿ ಮಾಡುವುದು ಯಾವಾಗಲೂ ಹೆಂಡತಿಯ ಕೆಲಸ. ಆಗ ಅವಳು ತಂಗಿಯ ಬಾಣಂತನಕ್ಕೆಂದು ಹೋಗಿದ್ದಳು. ಇವನೇ ಕೂತ. ತೆರೆಯ ಮೇಲೆ ಎಲ್ಲರೂ ಬೂದಿ ಬಳಿದುಕೊಂಡವರಂತೆ ಕಂಡರು. ಕೆಂಪು ಏರಿಸಿದ, ಸಾಲಲಿಲ್ಲ, ಇನ್ನಷ್ಟು ಏರಿಸಿದ. ಮುಖಗಳಿಗೆ ಜೀವ ಬಂತು, ಅಚ್ಚಿಗೆ ಕಳಿಸಿದ. ಆಲ್ಬಮ್ ತಲುಪಿದ ದಿನ ಹುಡುಗಿಯ ತಂದೆ ಸ್ಟುಡಿಯೋಕ್ಕೇ ಬಂದರು. ಸಿಟ್ಟಿನವರಲ್ಲ, ನಗುಮುಖದವರು, ಅದೇ ಹೆಚ್ಚು ನೋವಾದದ್ದು. “ಎಲ್ಲರಿಗೂ ಕಪಾಳಕ್ಕೆ ಬಾರಿಸಿದ ಹಾಗಿದೆಯಲ್ಲ ಸ್ವಾಮಿ,” ಎಂದರು. “ಮದುವೆ ಮನೇಲಿ ಹೊಡೆದಾಟ ಆಯ್ತಾ ಅಂತ ನೋಡಿದವರು ಕೇಳ್ತಿದಾರೆ.” ಸ್ಟುಡಿಯೋದಲ್ಲಿದ್ದ ಇನ್ನಿಬ್ಬರು ನಕ್ಕರು. ಅವನೂ ನಕ್ಕ. ನಗುತ್ತಲೇ ಪುಟ ತಿರುವಿದ. ಅವನಿಗೆ ಅಲ್ಲಿ ಕಂಡದ್ದು ಸಾಧಾರಣ ಮುಖಗಳು, ಊಟ ಮಾಡಿ ತೃಪ್ತಿಯಾದ, ಸ್ವಲ್ಪ ದಣಿದ, ಎಲ್ಲ ಮದುವೆಗಳಲ್ಲೂ ಇರುವ ಮುಖಗಳು. ಪುಟ ತಿರುವುತ್ತಿದ್ದ ಬೆರಳು ಅಲ್ಲೇ ನಿಂತಿತು. ಫ್ಲ್ಯಾಶ್ ಹಳೆಯದಾಗಿದೆ ಸಾರ್ ಎಂಬ ಮಾತು ಅದಾಗಿಯೇ ಬಾಯಿಂದ ಬಂತು. ಎಷ್ಟು ಸಲೀಸಾಗಿ ಬಂತೆಂದರೆ ಆ ಕ್ಷಣವೇ ಅವನು ಅದನ್ನು ನಂಬಿದ.

ಬಸ್ಸಿಳಿದು ರಸ್ತೆ ದಾಟುವಾಗ ಹೆಂಡತಿ ಅರ್ಧ ಹೆಜ್ಜೆ ಮುಂದಿದ್ದಳು. ಸಿಗ್ನಲ್ಲಿನ ದೀಪಗಳಲ್ಲಿ ಮೇಲಿನದು ಹತ್ತಿದೆಯೋ ಕೆಳಗಿನದೋ ಎಂದು ಅವನು ಈಗ ನೋಡುತ್ತಿದ್ದುದು. ಬಣ್ಣವನ್ನು ಕೇಳುವ ಗೋಜಿಗೆ ಹೋಗುತ್ತಿರಲಿಲ್ಲ. ಬಿಸಿಲಿದ್ದರೆ ಅದೂ ಸರಿಯಾಗಿ ತಿಳಿಯದು, ಪಕ್ಕದವರ ಕಾಲು ಎದ್ದರೆ ತಾನೂ ಕಾಲೆತ್ತುವುದು. ಜನ ನಿಂತಿದ್ದರು, ಅವನೂ ನಿಂತ. ಬಲಗಣ್ಣು ಮುಚ್ಚಿ ನೋಡಿದ, ಎಡಗಣ್ಣು ಮುಚ್ಚಿ ನೋಡಿದ. ಬಲಗಣ್ಣಿಗೆ ಆ ದೀಪ ಒಣಗಿದ ಇಟ್ಟಿಗೆಯ ಹಾಗಿತ್ತು. ಇಡೀ ಆಯಸ್ಸು ಕ್ಯಾಮೆರಾದ ಕಿಂಡಿಗೆ ಒತ್ತಿಟ್ಟ ಕಣ್ಣು ಅದು, ಸವೆದಿರಬಹುದು, ಚಪ್ಪಲಿಯ ಹಿಮ್ಮಡಿ ಸವೆಯುವುದಿಲ್ಲವೇ. ಟೈಲರ್ ಮಾವ ಕೂಡ ಹಾಗೇ ಹೇಳುತ್ತಿದ್ದ: ಸೂಜಿ ನೋಡಿ ನೋಡಿ ಕಣ್ಣು ಸವೆದಿದೆ ಕಣೋ. ಅಮ್ಮನ ಅಣ್ಣ ಅವನು, ಸೋದರಮಾವ, ಬೀದಿ ಕಡೆಯ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದವನು. ಒಂದು ದಿನ ಶಾಲೆಯ ಕೆಂಪು ಕೋಟೊಂದಕ್ಕೆ ಕಂದು ದಾರ ಹಾಕಿ ಹೊಲಿದುಬಿಟ್ಟ. ಕೋಟಿನವರು ನಕ್ಕರು, ಮನೆಯಲ್ಲಿ ಎಲ್ಲರೂ ನಕ್ಕರು, ಮಾವನೇ ಎಲ್ಲರಿಗಿಂತ ಜೋರಾಗಿ ನಕ್ಕ. ಮೊದಲು ಅವನಿಗೆ ಕಾಣದಾದದ್ದು ದಾರ, ಆಮೇಲೆ ಗಿರಾಕಿಗಳ ಮುಖ, ಆಮೇಲೆ ಬಾಗಿಲು ಯಾವುದು ಗೋಡೆ ಯಾವುದು ಎಂಬುದು. ನಮ್ಮ ಕಡೆಯ ಗಂಡಸರ ಕಣ್ಣೇ ಇಷ್ಟು ಎಂದು ಅಮ್ಮ ಒಲೆಯ ಮುಂದೆ ಯಾರಿಗೋ ಹೇಳಿದ್ದು ಅವನ ಕಿವಿಗೆ ಬಿದ್ದಿತ್ತು. ಆಗ ಅದು ಕೂದಲುದುರುವ ಮಾತಿನಷ್ಟೇ ಸಾಮಾನ್ಯವಾಗಿ ಕೇಳಿಸಿತ್ತು. ಮಾವ ದಾರವಿಲ್ಲದ ಯಂತ್ರವನ್ನು ಸುಮ್ಮನೆ ತುಳಿಯುತ್ತ ಕೂತಿರುತ್ತಿದ್ದ. ಹತ್ತಿರ ಹೋದರೆ ಕೈ ಚಾಚಿ ಮುಖ ತಡವುತ್ತಿದ್ದ, ಯಾರು, ತಂಗಿಯ ಮಗನಾ, ಎಂದು. ಆ ಬೆರಳಿಗೆ ಸಿಗಬಾರದೆಂದು ಇವನು ಬಾಗಿಲಲ್ಲೇ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ. ಮಾವನಿಗೆ ಅದು ತಿಳಿಯುತ್ತಿತ್ತು. ಯಾರೋ ನಿಂತಿದಾರೆ ಎಂದು ಗೋಡೆಯ ಕಡೆ ಹೇಳುತ್ತಿದ್ದ. “ರೀ, ಬನ್ನಿ,” ಎಂದು ಹೆಂಡತಿ ತೋಳು ಹಿಡಿದು ಎಳೆದಳು. ಜನ ಆಗಲೇ ಅರ್ಧ ದಾಟಿದ್ದರು.

ಅಂಗಡಿ ಮೊದಲ ಮಹಡಿಯಲ್ಲಿತ್ತು. ಮೆಟ್ಟಿಲು ಕತ್ತಲು, ಬಲ್ಬು ಹೋಗಿ ಕಾಲವಾಗಿತ್ತು; ದೀಪದ ಸಾಮಾನು ಮಾರುವವನ ಮೆಟ್ಟಿಲಿಗೇ ದೀಪವಿಲ್ಲ ಎಂದು ಫೋಟೋಗ್ರಾಫರುಗಳೆಲ್ಲ ಆಡಿಕೊಳ್ಳುತ್ತಿದ್ದರು. ಅಂಗಡಿಯವನನ್ನು ಕರೆಯುತ್ತಿದ್ದುದು ಸೆಲ್ಲಣ್ಣ ಎಂದು. ಏನು ಕೆಟ್ಟಿದೆ ಎಂದು ತಂದರೂ, ಕ್ಯಾಮೆರಾ ನೀರಿಗೆ ಬಿದ್ದಿದ್ದರೂ, ಸೆಲ್ ಬದಲಾಯಿಸಿ ನೋಡಿದ್ರಾ ಎಂದೇ ಅವನ ಮೊದಲ ಪ್ರಶ್ನೆ. ಒಳ್ಳೆಯ ಮನುಷ್ಯ. ಒಳ್ಳೆಯವನಾದದ್ದರಿಂದಲೇ ಇವತ್ತು ಇವನಿಗೆ ಅವನ ಭಯ. ಬೇರೆ ವ್ಯಾಪಾರಿಯಾಗಿದ್ದರೆ ಕೇಳಿದ್ದನ್ನು ಕಟ್ಟಿ ಕೊಡುತ್ತಿದ್ದ, ಈ ಮನುಷ್ಯ ಹಳೆಯದನ್ನು ಪರೀಕ್ಷೆ ಮಾಡದೆ ಹೊಸದನ್ನು ಕಪಾಟಿನಿಂದ ಇಳಿಸುವವನೇ ಅಲ್ಲ.

ಹಾಗೇ ಆಯಿತು. ಹೊಸದು ತೋರಿಸಿ ಎಂದರೆ, ಹಳೇದಕ್ಕೆ ಏನಾಗಿದೆ ಎಂದು ಕೈ ಚಾಚಿದ. ಬೆಳಕು ತಣ್ಣಗಾಗಿದೆ, ಕೊಳವೆ ಹೋಗಿದೆ ಎಂದು ಇವನು ತೊದಲಿದ. ಸೆಲ್ಲಣ್ಣ ಒಂದು ಬಿಳಿ ರಟ್ಟಿನ ಮೇಲೆ ಫ್ಲ್ಯಾಶು ಹೊಡೆದು, ಕ್ಯಾಮೆರಾದ ಬೆನ್ನ ಮೇಲಿನ ಚಿತ್ರ ನೋಡಿ, ಬಿಳಿ ಬಿಳಿಯಾಗೇ ಇದೆಯಲ್ಲ ಅಂದ. ಗುರಿ ದೀಪ ಹತ್ತುತ್ತಿಲ್ಲ ಎಂದ ಇವನು. ಹತ್ತಬಾರದು, ದೇವರೇ, ಇದೊಂದು ಹತ್ತದಿರಲಿ, ಯಾವುದೋ ತಂತಿ ಬಿಟ್ಟುಹೋಗಿರಲಿ, ಸೆಲ್ಲಣ್ಣ ಅದನ್ನು ತೆರೆದು ನೋಡಿ ತಲೆಯಾಡಿಸಲಿ, ಎಷ್ಟು ಬೇಕಾದರೂ ಹೇಳಲಿ, ಕೊಟ್ಟು ಹೋಗುತ್ತೇನೆ. ಸೆಲ್ ಬದಲಾಯಿಸಿ ನೋಡಿದ್ರಾ ಎಂದು ಸೆಲ್ಲಣ್ಣ ಕೇಳಿದ. ಹೆಂಡತಿ ನಕ್ಕಳು. ಸೆಲ್ಲಣ್ಣ ಹೊಸ ಸೆಲ್ಲು ಹಾಕಿ, ಪೀಪ್ ಎನ್ನದ ತನ್ನ ಕ್ಯಾಮೆರಾದ ಮೇಲೆ ಫ್ಲ್ಯಾಶು ಕೂರಿಸಿ, ಅಂಗಡಿಯ ಟ್ಯೂಬ್‌ಲೈಟ್ ಆರಿಸಿ, ಬಾಗಿಲಿನ ಪರದೆ ಎಳೆದು, ಎದುರಿನ ಬಿಳಿ ಕಪಾಟಿನ ಕಡೆಗೆ ಕ್ಯಾಮೆರಾ ಹಿಡಿದ.

“ನೋಡಿ,” ಎಂದ ಸೆಲ್ಲಣ್ಣ.

ಅವನು ನೋಡಿದ. ಪರದೆಯ ಸಂದಿಯಿಂದ ಬಂದ ಬೆಳಕಿನಲ್ಲಿ ಕಪಾಟು ಮಸುಕಾಗಿ ಕಾಣುತ್ತಿತ್ತು, ಅದರ ಹಿಡಿ ಕಾಣುತ್ತಿತ್ತು, ಹಿಡಿಗೆ ಕಟ್ಟಿದ ಬೀಗದ ಕೈ ಕಾಣುತ್ತಿತ್ತು. ಕಪಾಟಿನ ಮೇಲೆ ಕೆಂಪು ಗೆರೆಗಳು ಇರಲಿಲ್ಲ. ಇಲ್ಲವೆಂದರೆ ಇಲ್ಲವೇ? ಎವೆ ಬಡಿಯದೆ ನೋಡಿದ, ಕಣ್ಣಲ್ಲಿ ನೀರು ಬಂತು, ನೀರಿನಲ್ಲಿ ಕಪಾಟು ತೇಲಿತು. ಯಾರೂ ಮಾತಾಡಲಿಲ್ಲ. ಆ ಮೌನ ಯಾವ ಬಗೆಯದೆಂದು ತಿಳಿಯಲಿಲ್ಲ. ದೀಪ ಹತ್ತದೆ ಅವರು ಸುಮ್ಮನಿದ್ದಾರೋ, ಹತ್ತಿದ ದೀಪವನ್ನು ಇವನು ಕಾಣಲಿ ಎಂದು ಸುಮ್ಮನಿದ್ದಾರೋ? ಅಷ್ಟರಲ್ಲಿ ಟಕ್ ಎಂದು ಸದ್ದಾಯಿತು. ಗುಂಡಿ ಒತ್ತಿದ ಸದ್ದು. ಈಗ ಒತ್ತಿದ್ದಾನೆ, ಈಗ ಬಂದಿರಬೇಕು, ಈಗಲೂ ಸುಮ್ಮನಿದ್ದರೆ ಸಿಕ್ಕಿಬೀಳುತ್ತೇನೆ.

“ಹ್ಞಾ, ಈಗ ಬಂತು,” ಎಂದ.

ಕತ್ತಲಲ್ಲಿ ಸೆಲ್ಲಣ್ಣನ ಉಸಿರು ಕೇಳಿಸಿತು. ಆಮೇಲೆ ಮೆಲ್ಲಗೆ, ಮನೆಯಲ್ಲಿ ಕಾಯಿಲೆಯವರು ಮಲಗಿದ್ದರೆ ಮಾತಾಡುವ ದನಿಯಲ್ಲಿ ಹೇಳಿದ: “ಈಗ ಸೆಲ್ ತೆಗೆದೆ ಸಾರ್. ಅದು ಸೆಲ್ಲಿನ ಬಾಗಿಲ ಸದ್ದು. ದೀಪ ಆಗಿಂದ ಇತ್ತು.”

ಟ್ಯೂಬ್‌ಲೈಟು ಹತ್ತಿತು, ಮಿಣುಕಿ ಮಿಣುಕಿ. ಅಂಗೈ ಬೆವತಿತ್ತು, ಎಲ್ಲಿ ಒರೆಸಿಕೊಳ್ಳುವುದೆಂದು ತಿಳಿಯದೆ ಅವನು ಗಾಜಿನ ಮೇಜಿನ ಮೇಲೆ ಇಟ್ಟ. ಅದರ ಮೇಲೆ ಐದೂ ಬೆರಳಿನ ಗುರುತು ಮೂಡಿತು. ಇನ್ನು ಸೆಲ್ಲಣ್ಣ ಹೇಳುತ್ತಾನೆ. ಹೇಳದಿದ್ದರೂ ನಾಳೆ ಇನ್ನೊಬ್ಬನಿಗೆ ಹೇಳುತ್ತಾನೆ, ಕೆಟ್ಟ ಮನಸ್ಸಿನಿಂದಲ್ಲ, ಪಾಪ ಎಂದು ಹೇಳುತ್ತಾನೆ. ಪಾಪ ಎಂಬ ಮಾತು ಒಂದು ಸ್ಟುಡಿಯೋದಿಂದ ಇನ್ನೊಂದಕ್ಕೆ ಹೋಗುತ್ತದೆ, ಮದುವೆಯವರಿಗೆ ತಲುಪುತ್ತದೆ, ಬ್ಯಾಂಕಿನವರಿಗೆ ತಲುಪುತ್ತದೆ. ಆಮೇಲೆ ಬೀದಿ ಕಡೆಯ ಕೋಣೆ, ದಾರವಿಲ್ಲದ ಯಂತ್ರ. ಕಣ್ಣು ಎಲ್ಲಿಡುವುದೆಂದು ತಿಳಿಯದೆ ಅವನು ಗಾಜಿನ ಕೆಳಗಿದ್ದ ಸೆಲ್ಲುಗಳನ್ನು ಎಣಿಸುವವನಂತೆ ನೋಡುತ್ತ ನಿಂತ. ಹೆಂಡತಿಯ ಮುಖ ನೋಡುವ ಧೈರ್ಯವಂತೂ ಇರಲೇ ಇಲ್ಲ.

ಅವಳು ಮಾತಾಡಿದಳು. ಮನೆಯಲ್ಲೂ ಇದೇ ಕಥೆ ಎಂದಳು. ಬರುತ್ತೆ, ಹೋಗುತ್ತೆ, ಅಂಗಡಿಗೆ ತಂದಾಗ ಮಾತ್ರ ಸಾಧುವಿನ ಹಾಗೆ ಇರುತ್ತೆ, ಇದರಿಂದ ನನಗೇ ತಲೆ ಕೆಟ್ಟಿದೆ. ಎಷ್ಟು ಸಹಜವಾಗಿ ಹೇಳಿದಳೆಂದರೆ ಸೆಲ್ಲಣ್ಣ ಒಂದು ಗಳಿಗೆ ಫ್ಲ್ಯಾಶನ್ನೇ ಅನುಮಾನದಿಂದ ತಿರುಗಿಸಿ ನೋಡಿದ. ಆದರೆ ಆ ದೀಪ ಮನೆಯಲ್ಲಿ ಹತ್ತುವುದನ್ನಾಗಲಿ ಹತ್ತದಿರುವುದನ್ನಾಗಲಿ ಅವಳು ನೋಡಿರಲಿಲ್ಲ. ಅವನು ಅವಳೆದುರು ಒಮ್ಮೆಯೂ ಒತ್ತಿ ನೋಡಿರಲಿಲ್ಲ. ಒತ್ತಿದ್ದೆಲ್ಲ ಬಚ್ಚಲಿನಲ್ಲಿ, ಚಿಲಕ ಹಾಕಿಕೊಂಡು. ಹಾಗಾದರೆ ಅವಳು ಸುಳ್ಳು ಹೇಳುತ್ತಿದ್ದಾಳೆ. ಯಾಕೆ ಹೇಳುತ್ತಿದ್ದಾಳೆ ಎಂಬುದು ಅವನಿಗೆ ಅರ್ಥವಾಯಿತು.

ಸೆಲ್ಲಣ್ಣ ಕಪಾಟು ತೆರೆದು ಪೆಟ್ಟಿಗೆಗಳನ್ನು ಇಳಿಸಿದ. ಕಂಪನಿಯದನ್ನು ತೋರಿಸಿ ತಾನೇ ಬದಿಗಿಟ್ಟ. ಇದು ನಡುವಿನ ಬೆಲೆಯದು, ಬೆಳಕನ್ನು ತಾನೇ ಅಳೆದುಕೊಳ್ಳುತ್ತೆ, ಗುರಿ ದೀಪ ಬಹಳ ಜೋರು. ಇದು ಎಲ್ಲಕ್ಕಿಂತ ಅಗ್ಗದ್ದು, ಬೆಳಕು ಎಷ್ಟು ಬೇಕು ಅಂತ ನಾವೇ ತಿರುಗಿಸಿ ಇಡಬೇಕು, ಗಟ್ಟಿಮುಟ್ಟು, ಆದರೆ ಗುರಿ ದೀಪ ಇಲ್ಲ. ಜೋರು ಎಂದಾಗ ಸೆಲ್ಲಣ್ಣ ಇವನ ಕಡೆ ನೋಡಲಿಲ್ಲ. ನೋಡದಿರಲು ಪಟ್ಟ ಕಷ್ಟ ಅವನ ಕತ್ತಿನಲ್ಲಿ ಕಾಣುತ್ತಿತ್ತು. ಮಕ್ಕಳು ಹೆದರುವಷ್ಟು ಜೋರಾದ ದೀಪ. ಇಷ್ಟು ದಿನ ಅವನು ನಂಬಿಕೊಂಡಿದ್ದದ್ದು ಅದನ್ನೇ. ಈಗ ಆ ಪೆಟ್ಟಿಗೆಯನ್ನು ಕೈಯಲ್ಲಿ ಮುಟ್ಟಲೂ ಹೆದರಿಕೆಯಾಯಿತು. ಹತ್ತಿಸಿ ತೋರಿಸ್ತೀನಿ ಎಂದು ಸೆಲ್ಲಣ್ಣ ಮತ್ತೆ ಟ್ಯೂಬ್‌ಲೈಟಿನ ಸ್ವಿಚ್ಚಿನ ಕಡೆ ಕೈ ನೀಡಿದ.

“ಬೇಡಣ್ಣ,” ಎಂದಳು ಹೆಂಡತಿ. “ಆ ಕೆಂಪು ದೀಪ ಇಲ್ಲದ್ದೇ ಕೊಡಿ.”

ಕತ್ತಲಲ್ಲಿ ಗುರಿ ಸಿಗೋದು ಕಷ್ಟ ಆಗುತ್ತಮ್ಮ ಎಂದ ಸೆಲ್ಲಣ್ಣ. ಅವಳು ಅಗ್ಗದ ಪೆಟ್ಟಿಗೆಯನ್ನು ಆಗಲೇ ತನ್ನ ಕಡೆ ಎಳೆದುಕೊಂಡಿದ್ದಳು. “ಆಗಲಿ ಬಿಡಿ. ದೀಪ ಬಂತಾ ಇಲ್ವಾ ಅಂತ ದಿನಾ ಪರೀಕ್ಷೆ ಮಾಡೋ ಪಾಡು ಬೇಡ ನಮಗೆ,” ಎಂದಳು. ನಮಗೆ ಎಂದಳು. ಚೆನ್ನಾಗಿಯೇ ಇರುವ ಹಳೆಯ ಫ್ಲ್ಯಾಶನ್ನು ಬಟ್ಟೆಯಲ್ಲಿ ಸುತ್ತಿ, ಇದೂ ಇರಲಿ ಎಂದು ಚೀಲದ ತಳಕ್ಕೆ ಹಾಕಿಕೊಂಡಳು. ಹಣ ಅವಳೇ ಕೊಟ್ಟಳು. ಬೇಕಿಲ್ಲದ ವಸ್ತುವಿಗೆ ಹಣ ಕೊಡುವಾಗ ಚೌಕಾಸಿ ಮಾಡದೆ ಬಿಡುವವಳಲ್ಲ ಅವಳು; ಇವತ್ತು ಒಂದು ಮಾತೂ ಆಡಲಿಲ್ಲ. ಹೊಸ ಫ್ಲ್ಯಾಶಿಗೆ ಸೆಲ್ಲು ಹಾಕಿ ಕ್ಯಾಮೆರಾದ ಮೇಲೆ ಕೂರಿಸಿ ಇವನ ಕೈಗೆ ಕೊಡುತ್ತ ಸೆಲ್ಲಣ್ಣ, ಏನಾದರೂ ಇದ್ದರೆ ಯಾವಾಗ ಬೇಕಾದರೂ ಬನ್ನಿ ಸಾರ್ ಎಂದ. ಎಂದೂ ಹೇಳದ ಮಾತು. ಇವನು ತಲೆಯಾಡಿಸಿ ಬಾಗಿಲ ಕಡೆ ನಡೆದ.

ಮೆಟ್ಟಿಲ ತಿರುವಿನಲ್ಲಿ, ಬೆಳಕು ಮೇಲಿನಿಂದಲೂ ಬಾರದ ಕೆಳಗಿನಿಂದಲೂ ಬಾರದ ಕಡೆ, ಅವಳು ನಿಂತಳು. ಇವನಿಗಾಗಿ ನಿಂತಳೋ ದಣಿದು ನಿಂತಳೋ. ಅವನು ಗೋಡೆಗೆ ಕೈ ಕೊಟ್ಟು ಮೇಲಿನ ಮೆಟ್ಟಿಲಲ್ಲಿ ನಿಂತ. ಕೆಳಗೆ ಬೀದಿಯಲ್ಲಿ ಯಾರೋ ಗಾಡಿಯ ಹಾರ್ನು ಒತ್ತುತ್ತಿದ್ದರು. ಕೇಳಬಾರದು ಎಂದುಕೊಂಡ. ಕೇಳದಿದ್ದರೆ ಇನ್ನೂ ಸ್ವಲ್ಪ ದಿನ ಹೀಗೇ ನಡೆಯುತ್ತದೆ, ಅವಳು ಬಣ್ಣ ಸರಿ ಮಾಡುತ್ತಾಳೆ, ನಾನು ಫೋಟೋ ಹೊಡೆಯುತ್ತ ಹೋಗುತ್ತೇನೆ, ಸುಳ್ಳಿಗೂ ಒಂದು ನೆರಳಿರುತ್ತದೆ. ಆದರೆ ಬೆಳಗಿನ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಪೆಟ್ಟಿಗೆಯಲ್ಲಿತ್ತು ಎಂದಿದ್ದಳು. ಅವಳ ಪೆಟ್ಟಿಗೆಯಲ್ಲಿ ಕಂದು ಸ್ವೆಟರು ಯಾವುದಿತ್ತು?

“ನಿನ್ನ ಸ್ವೆಟರು ಯಾವ ಬಣ್ಣ?” ಎಂದು ಕೇಳಿದ.

ಅವಳು ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ ಸದ್ದಾಯಿತು.

“ಕೆಂಪು ರೀ. ನಿಮಗೆ ಮೊದಲನೇ ಸಲ ದೊಡ್ಡ ಮದುವೆ ಸಿಕ್ತಲ್ಲ, ಆಗ ನೀವೇ ತಂದಿದ್ದು.”

ಅವನಿಗೆ ನೆನಪಾಯಿತು. ಅಂಗಡಿಯವನು ಇಷ್ಟು ಕಡು ಕೆಂಪು ಯಾರೂ ಹಾಕಲ್ಲ ಎಂದಿದ್ದ. ನನ್ನ ಹೆಂಡತಿ ಹಾಕ್ತಾಳೆ ಎಂದು ಇವನು ಜಂಬದಿಂದ ಹೇಳಿದ್ದ. ಅದನ್ನು ತೊಟ್ಟು ಅವಳು ಕೈ ಚಾಚಿ, ಹೇಗಿದೆ ಎಂದದ್ದು ಆಗಲೂ. ಹೆದರಿಕೆ ಇಷ್ಟು ದಿನ ಎಲ್ಲೋ ಬೆನ್ನ ಹಿಂದೆ ಇತ್ತು, ಈಗ ಎದುರಿಗೆ ಬಂದು ನಿಂತಿತು. ಅವಳು ಕಾಣುತ್ತಿರಲಿಲ್ಲ. ಕಾಣದಿದ್ದದ್ದು ಮೆಟ್ಟಿಲ ಕತ್ತಲಿಗೆ ಎಂದು ಗೊತ್ತಿತ್ತು, ಆದರೂ ಆ ಕತ್ತಲು ಇನ್ನು ಹೋಗುವುದೇ ಇಲ್ಲವೇನೋ ಅನಿಸಿತು. ನೋಡಬೇಕು, ಈಗಲೇ, ಇವಳನ್ನು. ಯೋಚಿಸದೆ ಕ್ಯಾಮೆರಾ ಎತ್ತಿ ಅವಳ ಉಸಿರಿದ್ದ ಕಡೆ ಹಿಡಿದು, ಫೋಟೋ ತೆಗೆಯದೆ ಬೆಳಕನ್ನು ಮಾತ್ರ ಹೊಡೆಯುವ, ಫ್ಲ್ಯಾಶಿನ ಬೆನ್ನಿನ ಗುಂಡಿಯನ್ನು ಒತ್ತಿದ.

ಬಿಳಿ ಬೆಳಕು ಮೆಟ್ಟಿಲ ಗೋಡೆಗಳಿಗೆ ಬಡಿದು ಹೋಯಿತು. ಅಷ್ಟರಲ್ಲಿ ಅವನು ಅವಳ ಮುಖ ಕಂಡ. ಅಂಗಡಿಯಲ್ಲಿ ನಗುತ್ತಿದ್ದ, ಸಲೀಸಾಗಿ ಸುಳ್ಳು ಹೇಳಿದ ಮುಖವಲ್ಲ ಅದು. ಕತ್ತಲಲ್ಲಿ ಯಾರೂ ನೋಡುತ್ತಿಲ್ಲವೆಂದು ಹಾಗೇ ಬಿಟ್ಟುಕೊಂಡ ಮುಖ. ತುಟಿ ಬಿಗಿದುಕೊಂಡು, ಕಣ್ಣು ಅಗಲವಾಗಿ ತೆರೆದು ನೆಟ್ಟಗೆ ಇವನನ್ನೇ ನೋಡುತ್ತಿದ್ದಳು. ಇವನಿಗಿಂತ ಹೆಚ್ಚು ಹೆದರಿದ್ದಳು.

ಮತ್ತೆ ಕತ್ತಲಾಯಿತು. ಅವಳು ಗಂಟಲು ಸರಿಮಾಡಿಕೊಂಡಳು. ದನಿ ಮಾಮೂಲಿನಂತೆಯೇ ಬಂತು.

“ಇನ್ನೊಂದು ಸಲ ಹೊಡೀರಿ,” ಎಂದಳು. “ಕಣ್ಣು ಮುಚ್ಚಿಬಿಟ್ಟೆ.”

ಅವನು ಆಗಲಿ ಎಂದ. ಮತ್ತೆ ಹೊಡೆಯುವಷ್ಟು ವಿದ್ಯುತ್ತು ತುಂಬಿತೆಂದು ತಿಳಿಸುವ ಪುಟ್ಟ ಕೆಂಪು ದೀಪವೊಂದು ಫ್ಲ್ಯಾಶಿನ ಬೆನ್ನಿಗೂ ಇರುತ್ತದೆ. ಅದನ್ನು ನೋಡಲು ಹೋಗಲಿಲ್ಲ. ಕಿವಿಗೊಟ್ಟು, ಒಳಗಿನ ಸಣ್ಣ ಕುಯ್ಯೆನ್ನುವ ಸದ್ದು ಏರಿ ಏರಿ ನಿಲ್ಲುವವರೆಗೆ ಕಾದ.